ವಚನಪಿತಾಮಹ ಹಳಕಟ್ಟಿಯವರ ದಾಸೋಹ

ಧರ್ಮಕಾರ್ಯವು ಭಕ್ತಿಯಿಂದ ಆರಂಭವಾಗುವುದಾದರೂ ದ್ರವ್ಯವಿಲ್ಲದೆ ನಡೆಯಲಾರದು. ಆ ದ್ರವ್ಯವನ್ನು ಯಾರಲ್ಲಿ ಬೇಡಬೇಕು, ಬೇಡುವ ಅಧಿಕಾರ ಯಾರಿಗುಂಟು ಎಂಬುದು ಸಂಘಸಂಸ್ಥೆಗಳನ್ನು ಕಟ್ಟುವವರಿಗೆಲ್ಲ ಎದುರಾಗುವ ಪ್ರಶ್ನೆ. ಲಿಂಗೈಕ್ಯ ಡಾ. ಫ. ಗು. ಹಳಕಟ್ಟಿಯವರ ಜೀವಿತವೇ ಅದಕ್ಕೆ ಉತ್ತರವಾಗಿದೆ.

ಫಕೀರಪ್ಪನವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರೂ ಸಾಹಿತಿಗಳೂ ಆಗಿದ್ದರು. ಮಗನು ಮುಂಬಯಿಯಲ್ಲಿ ಕಾನೂನು ಕಲಿತು, ವಕೀಲನಾಗಿ, ಬಿಜಾಪುರವನ್ನು ತನ್ನ ಕಾಯಕಭೂಮಿಯನ್ನಾಗಿ ಮಾಡಿಕೊಂಡನು. ಅಲ್ಲಿ 1910ರಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಘವೂ, 1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕೂ ಸ್ಥಾಪಿತವಾದುವು. ಎರಡರಲ್ಲಿಯೂ ಹಳಕಟ್ಟಿಯವರ ಶ್ರಮವಿತ್ತು. ಸಹಕಾರದ ಮರ್ಮವಾದರೂ ಏನು? ಒಬ್ಬ ಧನಿಕನ ಕೃಪೆಯನ್ನೇ ನಂಬಿದ ಸಂಸ್ಥೆಯು ಆತನು ಮುನಿದ ದಿನ ಮುಗ್ಗರಿಸುವುದು. ಅನೇಕರ ಕಿರುಪಾಲಿನಿಂದ ನಿಂತುದು ಬೇಗನೆ ಅಲುಗದು.

ಇದಕ್ಕೂ ಕಠಿನವಾದ ಪರೀಕ್ಷೆಯು ವಚನಗಳ ವಿಷಯದಲ್ಲಿ ಬಂದಿತು. ಶರಣರ ನುಡಿಗಳು ಮಠಮನೆಗಳ ಜಂತಿಯ ಮೇಲೆ ತಾಳೆಯೋಲೆಯಲ್ಲಿ ಹುಳು ಹಿಡಿಯುತ್ತಿದ್ದುವು. ಹಳಕಟ್ಟಿಯವರು ಊರೂರು ಅಲೆದು ಕಟ್ಟುಗಳನ್ನು ಸಂಗ್ರಹಿಸಿದರು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿದ ಹಸ್ತಪ್ರತಿಯು ಅಚ್ಚಾಗದೆ ಹಿಂದಿರುಗಿತು. ಕಡೆಗೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ಬೆಳಕು ಕಂಡಿತು. ಆದರೆ ಮುಂದಿನ ಕಾರ್ಯಕ್ಕೆ ಸ್ವಂತ ಮುದ್ರಣಾಲಯವು ಬೇಕೆಂದು ಅವರಿಗೆ ಮನವರಿಕೆಯಾಯಿತು. ಆಗ ಅವರು ಪರರ ಬಾಗಿಲಿಗೆ ಹೋಗುವ ಮೊದಲು ತಮ್ಮ ಬಾಗಿಲನ್ನೇ ನೋಡಿದರು. ವಾಸದ ಮನೆಯನ್ನು ಮಾರಿದರು. 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವು ಸಿದ್ಧವಾಯಿತು. ಅವರ ಸಂಸಾರವು ಬಾಡಿಗೆಯ ಮನೆಯನ್ನು ಸೇರಿತು.

ಮರುವರ್ಷವೇ ‘ಶಿವಾನುಭವ’ ಪತ್ರಿಕೆಯೂ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯೂ ಹೊರಟುವು. ಪತ್ರಿಕೆ ನಡೆಯಲು ಚಂದಾದಾರರು ಬೇಕು. ಅವರನ್ನು ಕೇಳಲು ಹಳಕಟ್ಟಿಯವರು ನಾಚಲಿಲ್ಲ. ತನ್ನದನ್ನು ಮೊದಲು ಒಪ್ಪಿಸಿದವನ ಬೇಡಿಕೆಯು ಭಿಕ್ಷೆಯಲ್ಲ, ದಾಸೋಹಕ್ಕೆ ಕರೆ. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿಯೂ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟೂ ಅವರನ್ನು ಅರಸಿ ಬಂದುವು. ಸಿರಿಯು ಮಾತ್ರ ಬರಲಿಲ್ಲ. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಸದ್ಭಕ್ತರೇ, ಎಲ್ಲರೂ ಮನೆಯನ್ನು ಮಾರಬೇಕೆಂಬುದು ಇದರ ತಾತ್ಪರ್ಯವಲ್ಲ. ಮಡದಿಮಕ್ಕಳ ಪೋಷಣೆಯೂ ಗೃಹಸ್ಥನ ಧರ್ಮವೇ. ನಮ್ಮ ಅರಕೇರಾ, ದೇವದುರ್ಗ, ಮಾನ್ವಿಯ ಸೀಮೆಗಳಲ್ಲಿ ಪಾಠಶಾಲೆಗೋ ಪ್ರಸಾದನಿಲಯಕ್ಕೋ ಹಣ ಕೂಡಿಸಲು ಹೊರಟವರು ಒಂದನ್ನು ಮಾತ್ರ ನೆನೆಯಲಿ: ವಂತಿಗೆಯ ಪಟ್ಟಿಯಲ್ಲಿ ಮೊದಲ ಹೆಸರು ಪಟ್ಟಿ ಹಿಡಿದವನದೇ ಆಗಿರಲಿ. ಬಳಿಕ ಶ್ರೀಮಂತನ ಚೀಲವನ್ನೂ ಬಡವನ ಸೇರು ಜೋಳವನ್ನೂ ಸಮಭಾವದಿಂದ ಸ್ವೀಕರಿಸಲಿ. ಇಂದು ನಾವು ವಚನಗ್ರಂಥವನ್ನು ಸುಲಭವಾಗಿ ಕೈಯಲ್ಲಿ ಹಿಡಿದು ಓದುತ್ತೇವೆ. ಅದರ ಬೆಲೆಯಲ್ಲಿ ಬಿಜಾಪುರದ ಒಂದು ಮನೆಯೂ ಸೇರಿದೆಯೆಂಬುದನ್ನು ಮರೆಯದಿರೋಣ.