ಗುಂಡು ಹೊಡೆದರೆ ಪಾರಿವಾಳ ಕಡಿಮೆಯಾಗುತ್ತವೆಯೇ? ಮರ್ಟನ್ ಎಣಿಸಿ ನೋಡಿದ ಕಥೆ

ಬೆಳೆ ತಿನ್ನುವ ಹಕ್ಕಿಗಳನ್ನು ಹೊಡೆದಷ್ಟೂ ಅವು ಕಡಿಮೆಯಾಗುತ್ತವೆ ಎಂದು ನಮ್ಮಲ್ಲಿ ಹಲವರು ನಂಬಿದ್ದೇವೆ. ಇದನ್ನು ಲೆಕ್ಕ ಹಾಕಿ ನೋಡಿದವರು ಬ್ರಿಟನ್ನಿನ ಪಕ್ಷಿವಿಜ್ಞಾನಿ ರೊನಾಲ್ಡ್ ಮರ್ಟನ್ (1932–1978).

ಅಲ್ಲಿ ಕಾಡುಪಾರಿವಾಳಗಳು ಎಲೆಕೋಸು, ಧಾನ್ಯದ ಬೆಳೆಗೆ ಮುತ್ತುತ್ತವೆ. ಅವನ್ನು ಹೊಡೆಯಲು ಸರ್ಕಾರವೇ ತೋಟಾಗಳಿಗೆ ಸಹಾಯಧನ ಕೊಡುತ್ತಿತ್ತು. ಕೃಷಿ ಸಚಿವಾಲಯದಲ್ಲಿದ್ದ ಮರ್ಟನ್, ಕೇಂಬ್ರಿಜ್‌ಶೈರ್‌ನ ಕಾರ್ಲ್‌ಟನ್ ಹೊಲಗಳಲ್ಲಿ ವರ್ಷಗಟ್ಟಲೆ ಹಕ್ಕಿಗಳನ್ನೂ ಅವುಗಳ ಮೇವನ್ನೂ ಲೆಕ್ಕವಿಟ್ಟರು.

ಚಳಿಗಾಲದಲ್ಲಿ ಕ್ಲೋವರ್ ಎಲೆ ಎಷ್ಟಿತ್ತೋ ಅದಕ್ಕೆ ತಕ್ಕಷ್ಟೇ ಹಕ್ಕಿಗಳು ಉಳಿಯುತ್ತಿದ್ದವು. ಗುಂಡಿಗೆ ಬಿದ್ದವುಗಳಲ್ಲಿ ಹೆಚ್ಚಿನವು ಹೇಗೂ ಹಸಿವಿನಿಂದ ಸಾಯುವಂಥವು. ಅವು ಹೋದರೆ ಉಳಿದವಕ್ಕೆ ಮೇವು ಹೆಚ್ಚು. ವಸಂತದ ಹೊತ್ತಿಗೆ ಲೆಕ್ಕ ಅಲ್ಲಿಗಲ್ಲಿಗೇ!

1965ರಲ್ಲಿ ಈ ಹಕ್ಕಿಯ ಬಗ್ಗೆಯೇ ಪುಸ್ತಕ ಪ್ರಕಟಿಸಿದ ಮರ್ಟನ್, ಐವತ್ತು ತುಂಬುವ ಮೊದಲೇ ತೀರಿಕೊಂಡರು.

ಹಾಗಾದರೆ ಗುಂಡು ವ್ಯರ್ಥವೇ? ಬೆಳೆಯಿರುವ ಹೊಲದಲ್ಲಿ, ಬೇಕಾದ ಹೊತ್ತಿಗೆ ಬೆದರಿಸಿದರೆ ಆ ಬೆಳೆ ಉಳಿಯಬಹುದು. ಆದರೆ ಹಕ್ಕಿಗಳ ಸಂಖ್ಯೆ ತೀರ್ಮಾನಿಸುವುದು ಬಂದೂಕಲ್ಲ, ಮೇವು. ಫಾರ್ವರ್ಡ್ ಮಾಡುವ ಮುನ್ನ ಇದು ನೆನಪಿರಲಿ.