ಮೆಟ್ರಿಕ್ ಪಾಸಾದ ಹುಡುಗನಿಗೆ ಸಿಕ್ಕ ಉಡುಗೊರೆ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ನಮ್ಮ ಮಲೆನಾಡಿನಲ್ಲಿ ಒಂದು ಸಣ್ಣ ಹಬ್ಬವೇ ನಡೆಯುತ್ತದೆ. ಸಕಲೇಶಪುರ, ಬಾಳ್ಳುಪೇಟೆ, ಆಲೂರಿನ ಬೇಕರಿಗಳ ಮುಂದೆ ಅಂದು ಸಂಜೆ ಜನ ನಿಂತಿರುತ್ತಾರೆ. ಅಂಕಪಟ್ಟಿಯ ಫೋಟೋ ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಬರುತ್ತದೆ. ಹೆಚ್ಚು ಅಂಕ ತೆಗೆದವರ ಫ್ಲೆಕ್ಸ್ ವೃತ್ತದಲ್ಲಿ ಏರುತ್ತದೆ. ಸಂಘದವರು ಪ್ರತಿಭಾ ಪುರಸ್ಕಾರ ಇಟ್ಟು ಶಾಲು, ಹಾರ, ಸ್ಮರಣಿಕೆ ಕೊಡುತ್ತಾರೆ. ಅದಕ್ಕೂ ಮೊದಲು ಶಾಲೆಯಲ್ಲಿ ಬೀಳ್ಕೊಡುಗೆ ಆಗಿರುತ್ತದೆ, ಬಿಳಿ ಅಂಗಿಯ ಮೇಲೆ ಗೆಳೆಯರೆಲ್ಲ ಪೆನ್ನಿನಲ್ಲಿ ಹೆಸರು ಬರೆದಿರುತ್ತಾರೆ.

ನಮ್ಮಂಥ ಉರ್ದು ಮಾತಾಡುವ ಮನೆಗಳಲ್ಲಿ ಓದನ್ನು ಸಂಭ್ರಮಿಸುವುದು ಇನ್ನೂ ಹಳೆಯ ರೂಢಿ. ಮಗುವಿಗೆ ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಮಾಡುತ್ತಾರೆ. ಕುರಾನ್ ಓದಿ ಮುಗಿಸಿದಾಗ ಹದಿಯಾ ಮಾಡುತ್ತಾರೆ. ಮಗುವಿಗೆ ಹೂವಿನ ಹಾರ, ಬಂದವರಿಗೆ ಸಿಹಿ, ಆದರೆ ದೊಡ್ಡ ಉಡುಗೊರೆ ಹೋಗುವುದು ಕಲಿಸಿದ ಉಸ್ತಾದರಿಗೆ. ಎಸ್‌ಎಸ್‌ಎಲ್‌ಸಿ ಪಾಸಾದಾಗಲೂ ಅದೇ ಹಾರ, ಅದೇ ಶೀರಾ, ಕೊನೆಯಲ್ಲಿ ದುವಾ.

ಇಂಥದೇ ಒಂದು ಸಮಾರಂಭ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಮುಂಬೈಯಲ್ಲಿ ನಡೆಯಿತು. ಅಂದು ಹಾರ ಹಾಕಿಸಿಕೊಂಡ ಹುಡುಗ ಭೀಮರಾವ್ ಅಂಬೇಡ್ಕರ್. ಪ್ರತಿ ಏಪ್ರಿಲ್ 14ರಂದು ನಾವು ಅವರ ಭಾವಚಿತ್ರಕ್ಕೆ ಹೂ ಹಾಕುತ್ತೇವೆ, ಸಂವಿಧಾನದ ಬಗ್ಗೆ ಭಾಷಣ ಕೇಳುತ್ತೇವೆ. ಅವರು ಹೈಸ್ಕೂಲು ಮುಗಿಸಿದ ದಿನದ ಬಗ್ಗೆ ಹೆಚ್ಚು ಕೇಳುವುದಿಲ್ಲ. ಅದಕ್ಕಾಗಿ ಈ ಲೇಖನ.

ಅಂಬೇಡ್ಕರ್ ಅವರು 1891ರ ಏಪ್ರಿಲ್ 14ರಂದು ಮಧ್ಯ ಭಾರತದ ಮ್ಹೌ ಎಂಬ ಸೈನಿಕ ನೆಲೆಯಲ್ಲಿ ಹುಟ್ಟಿದರು. ತಂದೆ ರಾಮಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರಾಗಿದ್ದರು, ಸೈನಿಕ ಶಾಲೆಯಲ್ಲಿ ಪಾಠವನ್ನೂ ಮಾಡಿದ್ದರು. ತಾಯಿ ಭೀಮಾಬಾಯಿ. ಅವರ ಹದಿನಾಲ್ಕು ಮಕ್ಕಳಲ್ಲಿ ಭೀಮರಾವ್ ಕೊನೆಯವರು. ಅವರು ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡರು. ಕುಟುಂಬ ಮಹಾರ್ ಜಾತಿಗೆ ಸೇರಿದ್ದರಿಂದ ಅವರನ್ನು ಅಸ್ಪೃಶ್ಯರೆಂದು ದೂರ ಇಡುತ್ತಿದ್ದರು. ಸಾತಾರದ ಶಾಲೆಯಲ್ಲಿ ಹುಡುಗ ಭೀಮ ಮನೆಯಿಂದ ತಂದ ಗೋಣಿಚೀಲದ ಮೇಲೆ ಬೇರೆಯಾಗಿ ಕೂರಬೇಕಿತ್ತು. ಬಾಯಾರಿದರೆ ನಲ್ಲಿ ಮುಟ್ಟುವಂತಿರಲಿಲ್ಲ. ಶಾಲೆಯ ಜವಾನ ಬಂದು ನಲ್ಲಿ ತಿರುಗಿಸಿದರೆ ಮಾತ್ರ ನೀರು, ಜವಾನ ಇಲ್ಲದ ದಿನ ನೀರಿಲ್ಲ.

1901ರ ಬೇಸಿಗೆ ರಜೆಯಲ್ಲಿ ನಡೆದ ಒಂದು ಪ್ರಯಾಣವನ್ನು ಅವರು ಮುಂದೆ ತಾವೇ ಬರೆದಿಟ್ಟಿದ್ದಾರೆ. ತಂದೆಗೆ ಆಗ ಕೋರೆಗಾಂವ್‌ನಲ್ಲಿ ಕೆಲಸ. ಅವರನ್ನು ನೋಡಲು ಭೀಮ, ಅಣ್ಣ ಮತ್ತು ಅಕ್ಕನ ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ರೈಲಿನಲ್ಲಿ ಹೊರಟರು. ಮಸೂರ್ ನಿಲ್ದಾಣದಲ್ಲಿ ಇಳಿದಾಗ ಕರೆದುಕೊಂಡು ಹೋಗಲು ಯಾರೂ ಬಂದಿರಲಿಲ್ಲ. ಜಾತಿ ಗೊತ್ತಾದ ಮೇಲೆ ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರಬೇಕು ಎಂದು ಮಾತಾಯಿತು. ಬುತ್ತಿ ಜೊತೆಯಲ್ಲೇ ಇತ್ತು, ಕುಡಿಯಲು ನೀರು ಎಲ್ಲೂ ಸಿಗಲಿಲ್ಲ. ಆ ರಾತ್ರಿ ಮಕ್ಕಳು ಹಸಿದೇ ಮಲಗಿದರು.

ಮುಂದೆ ಕುಟುಂಬ ಮುಂಬೈಗೆ ಬಂತು. ಪರೇಲ್‌ನ ಒಂದು ಚಾಳಿನಲ್ಲಿ ಒಂದೇ ಕೋಣೆಯ ಮನೆ. ಅಡುಗೆ, ಮಲಗುವುದು, ಓದು ಎಲ್ಲ ಅಲ್ಲೇ. ಮಗ ಓದಲೆಂದು ತಂದೆ ಒಂದು ಉಪಾಯ ಮಾಡಿದರು. ಮಗನನ್ನು ಬೇಗ ಮಲಗಿಸಿ, ತಾವು ನಡುರಾತ್ರಿಯವರೆಗೆ ಎಚ್ಚರವಿದ್ದು, ಎರಡು ಗಂಟೆಗೆ ಅವನನ್ನು ಎಬ್ಬಿಸಿ ಆ ಜಾಗದಲ್ಲಿ ತಾವು ಮಲಗುತ್ತಿದ್ದರು. ಪುಸ್ತಕಕ್ಕೆ ದುಡ್ಡಿಲ್ಲದಾಗ ಮದುವೆಯಾದ ಮಗಳ ಹತ್ತಿರ ಹೋಗುತ್ತಿದ್ದರು. ಅವಳಲ್ಲಿ ಹಣವಿಲ್ಲದಿದ್ದರೆ ಒಡವೆ ತಂದು ಅಡವಿಟ್ಟು ಪುಸ್ತಕ ಕೊಳ್ಳುತ್ತಿದ್ದರು. ಪಿಂಚಣಿ ಬಂದಾಗ ಒಡವೆ ಬಿಡಿಸಿ ವಾಪಸು ಕೊಡುತ್ತಿದ್ದರು.

ಭೀಮರಾವ್ ಸೇರಿದ್ದು ಎಲ್ಫಿನ್‌ಸ್ಟನ್ ಹೈಸ್ಕೂಲಿಗೆ. ಅದು ಸರ್ಕಾರಿ ಶಾಲೆ, ದೊಡ್ಡ ಹೆಸರಿನ ಶಾಲೆ. ಅಲ್ಲಿಯೂ ಒಮ್ಮೆ ಮೇಷ್ಟ್ರು ಲೆಕ್ಕ ಬಿಡಿಸಲು ಅವರನ್ನು ಬೋರ್ಡಿಗೆ ಕರೆದಾಗ ಬೇರೆ ಹುಡುಗರು ಓಡಿ ಹೋಗಿ ಬೋರ್ಡಿನ ಹಿಂದೆ ಇಟ್ಟಿದ್ದ ತಮ್ಮ ಊಟದ ಡಬ್ಬಿಗಳನ್ನು ಎತ್ತಿಕೊಂಡರು. ಅವರಿಗೆ ಸಂಸ್ಕೃತ ಕಲಿಯುವ ಆಸೆಯಿತ್ತು, ಅವಕಾಶ ಕೊಡಲಿಲ್ಲ. ಹಾಗಾಗಿ ಎರಡನೇ ಭಾಷೆಯಾಗಿ ಫಾರ್ಸಿ ತೆಗೆದುಕೊಂಡರು. ಇದನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ನಮ್ಮ ಮನೆಯ ಉರ್ದುವಿಗೆ ಲಿಪಿಯನ್ನೂ ಅನೇಕ ಪದಗಳನ್ನೂ ತಂದುಕೊಟ್ಟ ಭಾಷೆ ಅದು. ಬಾಗಿಲು ಮುಚ್ಚಿಸಿಕೊಂಡ ಒಬ್ಬ ಹುಡುಗ ಆ ಭಾಷೆಯ ತರಗತಿಯಲ್ಲಿ ಕೂತು ಪಾಸಾದ. ಸಂಸ್ಕೃತವನ್ನು ಅವರು ಮುಂದೆ ತಾವೇ ಓದಿ ಕಲಿತರು.

1907ರಲ್ಲಿ ಅವರು ಮೆಟ್ರಿಕ್ ಪಾಸಾದರು. ಸಿಕ್ಕ ಅಂಕ 750ಕ್ಕೆ 282. ನಾನು ವಾಣಿಜ್ಯ ವಿದ್ಯಾರ್ಥಿ, ಲೆಕ್ಕ ಹಾಕದೆ ಬಿಡುವುದಿಲ್ಲ. ಅದು ಶೇಕಡ 37.6. ನಮ್ಮ ಎಸ್‌ಎಸ್‌ಎಲ್‌ಸಿಯ 625ಕ್ಕೆ ಇಳಿಸಿದರೆ 235 ಅಂಕ. ಇಂದು ಇಷ್ಟು ಅಂಕಕ್ಕೆ ಯಾರೂ ಫ್ಲೆಕ್ಸ್ ಹಾಕುವುದಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಎದ್ದು, ಅಡವಿಟ್ಟ ಒಡವೆಯ ದುಡ್ಡಿನ ಪುಸ್ತಕ ಓದಿದ ಹುಡುಗ ಅಲ್ಲಿಯವರೆಗೆ ತಲುಪಿದ್ದು ಆ ಸಮುದಾಯಕ್ಕೆ ಬೆಟ್ಟ ಹತ್ತಿದ ಹಾಗೆ. ಅವರು ಸಭೆ ಸೇರಿಸಿ ಹುಡುಗನನ್ನು ಅಭಿನಂದಿಸಿದರು. ಸಮಾಜ ಸುಧಾರಕ ಎಸ್. ಕೆ. ಬೋಲೆ ಸಭೆಯ ಅಧ್ಯಕ್ಷರಾಗಿದ್ದರೆಂದು ಜೀವನಚರಿತ್ರೆಕಾರರು ಬರೆಯುತ್ತಾರೆ. ಶಿಕ್ಷಕರೂ ಮರಾಠಿ ಲೇಖಕರೂ ಆಗಿದ್ದ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ತಾವು ಬರೆದ ಬುದ್ಧನ ಜೀವನಚರಿತ್ರೆಯನ್ನು ಹುಡುಗನಿಗೆ ಉಡುಗೊರೆಯಾಗಿ ಕೊಟ್ಟರು.

ಅಂಬೇಡ್ಕರ್ ಅವರು ತಮ್ಮ ಕೊನೆಯ ದಿನಗಳಲ್ಲಿ ಈ ಸಭೆಯನ್ನು ನೆನೆದು ಬರೆದಿದ್ದಾರೆ. ಅವರ ನೆನಪಿನಲ್ಲಿ ಅದು ಇಂಗ್ಲಿಷ್ ನಾಲ್ಕನೇ ತರಗತಿ ಪಾಸಾದ ಸಂದರ್ಭ, ಕೇಳುಸ್ಕರರೇ ಅಧ್ಯಕ್ಷರು. ಯಾವ ತರಗತಿ ಎಂಬುದರಲ್ಲಿ ವ್ಯತ್ಯಾಸವಿದ್ದರೂ ಸಭೆ ನಡೆದದ್ದು, ಆ ಪುಸ್ತಕ ಸಿಕ್ಕಿದ್ದು ಎರಡರಲ್ಲೂ ಒಂದೇ. ಅವರು ಇನ್ನೊಂದು ವಿಷಯವನ್ನೂ ಹೇಳುತ್ತಾರೆ. ಜನ ಮೊದಲು ರಾಮಜಿಯವರ ಅನುಮತಿ ಕೇಳಲು ಹೋದಾಗ ಅವರು ಒಪ್ಪಲೇ ಇಲ್ಲ. ಹುಡುಗ ಒಂದು ಪರೀಕ್ಷೆ ಪಾಸಾಗಿದ್ದಾನೆ ಅಷ್ಟೆ, ಇದನ್ನೆಲ್ಲ ಮಾಡಿದರೆ ತಲೆ ತಿರುಗುತ್ತದೆ ಎಂದು ಅವರ ಭಯ. ಜನರಿಗೆ ಬೇಸರವಾಯಿತು, ಆದರೆ ಬಿಡಲಿಲ್ಲ. ರಾಮಜಿಯ ಸ್ನೇಹಿತರಾದ ಕೇಳುಸ್ಕರರನ್ನು ಮುಂದೆ ಮಾಡಿಕೊಂಡು ಒಪ್ಪಿಸಿದರು.

ಇಲ್ಲಿ ಯಾರು ಸರಿ ಎಂದು ನಾನು ತುಂಬಾ ಯೋಚಿಸಿದೆ. ಅದಕ್ಕೆ ನಮ್ಮ ಮನೆಯಲ್ಲೇ ಕಾರಣವಿದೆ. ನನ್ನ ಆಪಾ ಎಸ್‌ಎಸ್‌ಎಲ್‌ಸಿಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದವಳು. ಅವಳು ಪಾಸಾದ ವಾರ ನಮ್ಮ ಮನೆಯಲ್ಲಿ ನಡೆದಷ್ಟು ದೊಡ್ಡ ಊಟ ಆಮೇಲೆ ನಡೆದಿಲ್ಲ. ಖಾಲಾ, ಮಾಮುಗಳೆಲ್ಲ ಬಂದರು, ಐದು ಹಾರ, ಮೂರು ಸೀರೆ, ಲಕೋಟೆಗಳು. ಜೂನ್ ಬಂತು, ಮಳೆ ಹಿಡಿಯಿತು. ನಮ್ಮ ಮನೆಯಿಂದ ಬಸ್ಸು ನಿಲ್ಲುವ ಜಾಗಕ್ಕೆ ತೋಟದ ನಡುವೆ ಎರಡು ಕಿಲೋಮೀಟರ್ ನಡೆಯಬೇಕು, ಆ ವರ್ಷ ಆ ದಾರಿಯಲ್ಲಿ ಆನೆ ಓಡಾಟ ಜಾಸ್ತಿ ಇತ್ತು. ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ ಎಂದು ದೊಡ್ಡವರು ತೀರ್ಮಾನಿಸಿದರು. ಮುಂದಿನ ವರ್ಷ ಬಂದಾಗ ಯಾರೂ ಆ ಮಾತು ಎತ್ತಲಿಲ್ಲ. ಇಂದು ಆಪಾ ಮನೆಯಲ್ಲಿ ಹೊಲಿಗೆ ಮಾಡುತ್ತಾಳೆ, ನನ್ನ ಕಾಲೇಜು ಶುಲ್ಕದಲ್ಲಿ ಅವಳ ಹೊಲಿಗೆಯ ದುಡ್ಡೂ ಇದೆ. ಆ ಊಟದಲ್ಲಿ ಪ್ರೀತಿ ಕಡಿಮೆ ಇರಲಿಲ್ಲ. ಆದರೆ ಬಂದವರಲ್ಲಿ ಯಾರೂ ಅವಳು ಯಾವ ಕಾಲೇಜಿಗೆ ಅರ್ಜಿ ಹಾಕಿದ್ದಾಳೆ ಎಂದು ಕೇಳಲಿಲ್ಲ. ನಮ್ಮ ಬೆಟ್ಟಗಳಲ್ಲಿ ಇದು ಒಂದೇ ಮನೆಯ ಕಥೆಯಲ್ಲ, ಎಸ್ಟೇಟಿನ ಲೈನ್ ಮನೆಗಳಲ್ಲಿ ಗಂಡು ಹುಡುಗರಿಗೂ ಹೀಗೆ ಆಗುತ್ತದೆ.

ಮುಂಬೈಯ ಆ ಸಭೆ ಹೀಗೆ ಮುಗಿಯಲಿಲ್ಲ. ಆ ದಿನಗಳಲ್ಲೇ ಭೀಮರಾವ್ ಅವರಿಗೆ ರಮಾಬಾಯಿಯ ಜೊತೆ ಮದುವೆಯೂ ಆಗಿತ್ತು. ತಂದೆಯ ಕೈಯಲ್ಲಿ ದುಡ್ಡು ಮುಗಿದಿತ್ತು. ಓದು ಅಲ್ಲಿಗೇ ನಿಲ್ಲಲು ಎಲ್ಲ ಕಾರಣಗಳೂ ಇದ್ದವು. ಆಗ ಕೇಳುಸ್ಕರರು ಪುಸ್ತಕ ಕೊಟ್ಟು ಸುಮ್ಮನಾಗದೆ ಹುಡುಗನನ್ನು ಬರೋಡಾದ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರ ಬಳಿ ಕರೆದುಕೊಂಡು ಹೋದರು. ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಸಿಕ್ಕಿತು. ಅದರಿಂದ ಎಲ್ಫಿನ್‌ಸ್ಟನ್ ಕಾಲೇಜಿನ ಬಿ.ಎ. ಮುಗಿಯಿತು. 1913ರಲ್ಲಿ ರಾಮಜಿ ತೀರಿಕೊಂಡರು. ಅದೇ ವರ್ಷ ಬರೋಡಾದ ನೆರವಿನಿಂದಲೇ ಮಗ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು.

ಮುಂದಿನ ಕಥೆ ನಿಮಗೆ ಗೊತ್ತಿರುವುದೇ, ವಾಣಿಜ್ಯ ವಿದ್ಯಾರ್ಥಿಗಳಿಗೆ ಬೇಕಾದ ಭಾಗವನ್ನು ಮಾತ್ರ ಹೇಳುತ್ತೇನೆ. ಅವರು ಮೊದಲಿಗೆ ಅರ್ಥಶಾಸ್ತ್ರಜ್ಞರು. 1918ರಲ್ಲಿ ಮುಂಬೈಯ ಸಿಡನ್‌ಹ್ಯಾಮ್ ವಾಣಿಜ್ಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಪ್ರಾಧ್ಯಾಪಕರಾದ ಮೇಲೂ ಸಿಬ್ಬಂದಿಯ ನೀರಿನ ಹೂಜಿ ಮುಟ್ಟಬಾರದೆಂದು ಕೆಲವರು ಆಕ್ಷೇಪಿಸಿದರು. ಲಂಡನ್ನಿಗೆ ಮತ್ತೆ ಹೋಗಿ 1923ರಲ್ಲಿ ಡಿ.ಎಸ್‌ಸಿ. ಪದವಿ ಪಡೆದರು, ಅವರ ವಿಷಯ ನಮ್ಮ ರೂಪಾಯಿಯ ಸಮಸ್ಯೆ. ಸಾತಾರದ ನಲ್ಲಿಯಿಂದ ಸಿಡನ್‌ಹ್ಯಾಮಿನ ಹೂಜಿಯವರೆಗೆ ನೀರಿನ ಅವಮಾನ ಅವರನ್ನು ಬಿಡಲಿಲ್ಲ. 1927ರ ಮಾರ್ಚ್ 20ರಂದು ಮಹಾಡ್‌ನ ಚವದಾರ್ ಕೆರೆಗೆ ಸಾವಿರಾರು ಜನರ ಜೊತೆ ನಡೆದು ಹೋಗಿ ನೀರು ಕುಡಿದರು. ಸಾರ್ವಜನಿಕ ಕೆರೆಗಳನ್ನು ಎಲ್ಲರಿಗೂ ತೆರೆಯಬೇಕೆಂದು 1923ರಲ್ಲಿ ಮುಂಬೈ ಶಾಸನಸಭೆಯಲ್ಲಿ ನಿರ್ಣಯ ತಂದವರು ಅದೇ ಬೋಲೆ. ಹುಡುಗನ ಅಭಿನಂದನಾ ಸಭೆಗೆ ಬಂದವರು ಇಪ್ಪತ್ತು ವರ್ಷ ಕಳೆದರೂ ಅವನ ಜೊತೆಗಿದ್ದರು.

ಅಂಬೇಡ್ಕರ್ ತಾವು ಪಡೆದದ್ದನ್ನು ಮುಂದಿನವರಿಗೂ ಕೊಟ್ಟರು. 1928ರಲ್ಲಿ ಅವರು ದಲಿತ ಮಕ್ಕಳ ಓದಿಗಾಗಿ ಒಂದು ಶಿಕ್ಷಣ ಸಂಸ್ಥೆ ಸ್ಥಾಪಿಸಿದರು. ಹೈಸ್ಕೂಲು ವಿದ್ಯಾರ್ಥಿಗಳಿಗಾಗಿ ಸರ್ಕಾರ ಒಪ್ಪಿದ ಐದು ವಸತಿಗೃಹಗಳ ಹೊಣೆಯನ್ನು ಆ ಸಂಸ್ಥೆ ಹೊತ್ತಿತು. ಅವುಗಳಲ್ಲಿ ಒಂದು ಇದ್ದದ್ದು ನಮ್ಮ ಕರ್ನಾಟಕದ ಧಾರವಾಡದಲ್ಲಿ, ಆಗ ಅದು ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ದೂರದ ಹಳ್ಳಿಯ ಹುಡುಗ ದಾರಿ, ಊಟ, ದೀಪ ಇಲ್ಲದೆ ಶಾಲೆ ಬಿಡಬಾರದು ಎಂಬುದೇ ಅದರ ಉದ್ದೇಶ. 1946ರಲ್ಲಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು, 1950ರಲ್ಲಿ ಔರಂಗಾಬಾದಿನಲ್ಲಿ ಮಿಲಿಂದ ಕಾಲೇಜು ಆರಂಭಿಸಿದರು. 1947ರ ಆಗಸ್ಟ್ 29ರಂದು ನೇಮಕವಾದ ಸಂವಿಧಾನ ಕರಡು ಸಮಿತಿಗೆ ಅವರೇ ಅಧ್ಯಕ್ಷರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದರು, ಅದೇ ವರ್ಷದ ಡಿಸೆಂಬರ್ 6ರಂದು ನಿಧನರಾದರು. ಬುದ್ಧನ ಬಗ್ಗೆ ಅವರು ಬರೆದ ದೊಡ್ಡ ಗ್ರಂಥ ಮರುವರ್ಷ ಪ್ರಕಟವಾಯಿತು. ಆ ಗ್ರಂಥಕ್ಕೆಂದು ಬರೆದ ಮುನ್ನುಡಿಯಲ್ಲೇ ಅವರು ಕೇಳುಸ್ಕರರ ಉಡುಗೊರೆಯನ್ನು ನೆನೆದದ್ದು.

ಹಾಗಾದರೆ ಸಭೆ ಬೇಡವೆಂದ ರಾಮಜಿ ಸರಿಯೇ, ಬೇಕೆಂದ ಜನ ಸರಿಯೇ? ನನಗೆ ಇಬ್ಬರೂ ಸರಿ ಅನ್ನಿಸುತ್ತದೆ. ಒಂದು ಪರೀಕ್ಷೆ ಪಾಸಾದರೆ ಓದು ಮುಗಿಯಲಿಲ್ಲ ಎಂದು ತಂದೆಗೆ ಗೊತ್ತಿತ್ತು. ಒಂದು ಮಗು ಪಾಸಾದರೆ ಇಡೀ ಕೇರಿಯ ಮಕ್ಕಳಿಗೆ ಧೈರ್ಯ ಬರುತ್ತದೆ ಎಂದು ಜನರಿಗೆ ಗೊತ್ತಿತ್ತು. ಈ ಎರಡನ್ನೂ ಸೇರಿಸಿ ನಡೆದುಕೊಂಡವರು ಕೇಳುಸ್ಕರ್. ಹಾರ ಹಾಕುವ ದಿನ ಬಂದರು, ಶುಲ್ಕ ಕಟ್ಟುವ ದಿನವೂ ಬಂದರು.

ಗೆಳೆಯರೇ, ಬರುವ ಫಲಿತಾಂಶದ ದಿನ ನಮ್ಮ ತಮ್ಮಂದಿರು, ತಂಗಿಯರು, ಪಕ್ಕದ ಮನೆಯ ಮಕ್ಕಳು ಪಾಸಾಗುತ್ತಾರೆ. ಸಿಹಿ ತಿನ್ನೋಣ, ಹಾರವನ್ನೂ ಹಾಕೋಣ. ಜೊತೆಗೆ ಯಾವ ಕಾಲೇಜು, ಅರ್ಜಿಯ ಕೊನೆಯ ದಿನ ಯಾವಾಗ, ವಿದ್ಯಾರ್ಥಿವೇತನಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಿದ್ದಾರೆಯೇ, ಬಸ್ಸಿನವರೆಗೆ ಬೆಳಿಗ್ಗೆ ಜೊತೆಗೆ ಯಾರು ಬರುತ್ತಾರೆ ಎಂದು ಕೇಳೋಣ. ಈ ಕಾಲೇಜಿಗೆ ಬಂದು ಒಂದು ವರ್ಷ ಆಗಿರುವುದರಿಂದ ಇವೆಲ್ಲ ನಮಗೆ ಗೊತ್ತಿದೆ, ಅರ್ಜಿ ತುಂಬಲು ನಾವೇ ಕೂತುಕೊಳ್ಳಬಹುದು. ನಮ್ಮ ಹಳೆಯ ಅಕೌಂಟೆನ್ಸಿ ಪುಸ್ತಕವನ್ನು ಹೊಸ ರಟ್ಟು ಹಾಕಿ ಕೊಟ್ಟರೆ ಅದೂ ಒಂದು ಉಡುಗೊರೆಯೇ.