ಮರಗಳಿಗೆ ಹೆಸರಿತ್ತ ಲಿನೇಯಸ್

ಕಾರ್ಲ್ ಲಿನೇಯಸನು 1707ರ ಮೇ 23ರಂದು ಸ್ವೀಡನ್ ದೇಶದ ರೋಶುಲ್ಟ್ ಎಂಬಲ್ಲಿ ಜನಿಸಿದನು. ತಂದೆ ನಿಲ್ಸ್ ಪಾದ್ರಿ; ತೋಟಗಾರಿಕೆಯಲ್ಲಿ ಅತ್ಯಾಸಕ್ತ. ಮನೆತನದ ಜಮೀನಿನಲ್ಲಿದ್ದ ಹೆಮ್ಮರವಾದ ಲಿಂಡನ್ ವೃಕ್ಷದ ನೆನಪಿಗಾಗಿ ಲಿನೇಯಸ್ ಎಂಬ ಮನೆತನದ ಹೆಸರನ್ನು ಇಟ್ಟುಕೊಂಡವನು ಆತನೇ.

1728ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯವನ್ನು ಸೇರಿದ ಲಿನೇಯಸನಿಗೆ ದಾರಿದ್ರ್ಯವೇ ಸಂಗಾತಿಯಾಗಿದ್ದಿತು. ಮರುವರ್ಷ ಅಲ್ಲಿಯ ಸಸ್ಯೋದ್ಯಾನದಲ್ಲಿ ಆತನನ್ನು ಕಂಡ ಪ್ರಾಧ್ಯಾಪಕ ಊಲೋಫ್ ಸೆಲ್ಸಿಯಸನು ಆ ತರುಣನ ಸಸ್ಯಜ್ಞಾನಕ್ಕೆ ಬೆರಗಾಗಿ ತನ್ನ ಮನೆಯಲ್ಲಿಯೇ ಅನ್ನವಸತಿಗಳನ್ನು ಕಲ್ಪಿಸಿದನು. ತನ್ನ ಗ್ರಂಥಭಂಡಾರವನ್ನೂ ತೆರೆದಿಟ್ಟನು. (ಉಷ್ಣಮಾಪಕದಿಂದ ಪ್ರಸಿದ್ಧನಾದ ಸೆಲ್ಸಿಯಸನು ಈತನ ಸೋದರನ ಮಗ.) ಈ ಆಸರೆಯಿಲ್ಲದೆ ಲಿನೇಯಸನ ವ್ಯಾಸಂಗ ಸಾಗುವುದು ದುಸ್ತರವಾಗಿದ್ದಿತು.

ಅಂದು ಒಂದು ಗಿಡದ ಶಾಸ್ತ್ರೀಯ ನಾಮವೆಂದರೆ ಲ್ಯಾಟಿನ್ ಭಾಷೆಯ ಒಂದು ಉದ್ದನೆಯ ವರ್ಣನೆ. ಲಿನೇಯಸನು 1753ರ ತನ್ನ 'ಸ್ಪೀಷೀಸ್ ಪ್ಲಾಂಟಾರಮ್' ಗ್ರಂಥದಲ್ಲಿ ಪ್ರತಿ ಸಸ್ಯಕ್ಕೂ ಎರಡು ಪದಗಳ ಹೆಸರನ್ನು ಕೊಟ್ಟನು. ಹ್ಯಾಕ್‌ಬೆರಿ ಮರವನ್ನೇ ನೋಡಬಹುದು. ರೋಮಿನ ಪ್ಲಿನಿಯು ಆಫ್ರಿಕದ ಕಮಲವೃಕ್ಷವೆಂಬ ಬೇರೊಂದು ಮರದ ವಿಷಯದಲ್ಲಿ ಹೇಳಿದ್ದ ಪ್ರಾಚೀನ ನಾಮವೇ ಸೆಲ್ಟಿಸ್. ಆ ಜಾತಿನಾಮಕ್ಕೆ ಲಿನೇಯಸನು ದಿಕ್ಕುಗಳನ್ನು ಜೋಡಿಸಿದನು: ದಕ್ಷಿಣ ಯುರೋಪಿನದು ಸೆಲ್ಟಿಸ್ ಆಸ್ಟ್ರಾಲಿಸ್, ಎಂದರೆ ದಕ್ಷಿಣದ್ದು, ಉತ್ತರ ಅಮೆರಿಕದ ಹ್ಯಾಕ್‌ಬೆರಿ ಸೆಲ್ಟಿಸ್ ಆಕ್ಸಿಡೆಂಟಾಲಿಸ್, ಪಶ್ಚಿಮದ್ದು, ಏಷ್ಯದ್ದು ಸೆಲ್ಟಿಸ್ ಓರಿಯೆಂಟಾಲಿಸ್, ಪೂರ್ವದ್ದು. ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಬೆಳೆಯುವ ಈ ಮೂರನೆಯದನ್ನು ಮುಂದಿನ ವಿದ್ವಾಂಸರು ಟ್ರೆಮಾ ಎಂಬ ಬೇರೆ ಜಾತಿಗೆ ಸೇರಿಸಿದರೂ ಓರಿಯೆಂಟಾಲಿಸ್ ಎಂಬ ಪದವನ್ನು ಬಿಡಲಿಲ್ಲ.

ಎಲೆಯ ಅಂದವನ್ನಾಗಲಿ ಹಣ್ಣಿನ ಸವಿಯನ್ನಾಗಲಿ ಸೂಚಿಸದ ಇಂತಹ ಹೆಸರುಗಳು ಶುಷ್ಕವೆನಿಸಬಹುದು. ಆದರೆ ಲಿನೇಯಸನ ಹಿರಿಮೆಯಿರುವುದು ಇಲ್ಲಿಯೇ. ವರ್ಣನೆಯನ್ನು ಹೊಸ ಶೋಧವೊಂದು ತಿದ್ದೀತು. ಗುರುತಿಗೆ ಆ ಭಯವಿಲ್ಲ. ಎಲ್ಮ್ ಮರದ ಕುಟುಂಬದಲ್ಲಿದ್ದ ಹ್ಯಾಕ್‌ಬೆರಿಯನ್ನು ಈಚಿನ ಸಸ್ಯವಿಜ್ಞಾನಿಗಳು ಸೆಣಬಿನ ಗಾಂಜಾಗಿಡದ ಕುಟುಂಬಕ್ಕೆ ವರ್ಗಾಯಿಸಿದ್ದಾರೆ. ಆದರೂ ಅದು ಇಂದಿಗೂ ಸೆಲ್ಟಿಸ್ ಆಕ್ಸಿಡೆಂಟಾಲಿಸ್.

ಸ್ವತಃ ದೂರದೇಶಗಳಿಗೆ ಹೋಗದಿದ್ದ ಲಿನೇಯಸನು ಶಿಷ್ಯರನ್ನು ಕಳುಹಿದನು. ಪೇರ್ ಕಾಲ್ಮನು 1748ರಿಂದ 1751ರವರೆಗೆ ಉತ್ತರ ಅಮೆರಿಕದಲ್ಲಿ ಸಂಚರಿಸಿ ಹಿಂದಿರುಗಿದನು. ಹಿಂದಿರುಗದೆ ಪರದೇಶಗಳಲ್ಲಿಯೇ ಮಡಿದ ಶಿಷ್ಯರೂ ಹಲವರು.

1778ರ ಜನವರಿ 10ರಂದು ಲಿನೇಯಸನು ಉಪ್ಸಾಲಾದಲ್ಲಿ ನಿಧನನಾದನು. ಆತನ ಒಣಸಸ್ಯಗಳನ್ನೂ ಗ್ರಂಥಗಳನ್ನೂ 1784ರಲ್ಲಿ ಜೇಮ್ಸ್ ಎಡ್ವರ್ಡ್ ಸ್ಮಿತ್ ಎಂಬ ಆಂಗ್ಲ ತರುಣನು ಕೊಂಡೊಯ್ದನು. ಅವು ಈಗ ಲಂಡನ್ನಿನ ಲಿನೇಯನ್ ಸೊಸೈಟಿಯಲ್ಲಿವೆ.